ಪಾತ್ರ ಮುಗಿದರೂ ಮಾತು ಉಳಿಯಿತು

ನಿಮ್ಮ ಮಗನೋ ಮಗಳೋ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು, ಅವರನ್ನು ನೋಡಲು ಹೋದಾಗ ನೀವು ಮೆಟ್ರೋ ರೈಲು ಹತ್ತಿದ್ದರೆ ಅಪರ್ಣಾ ಅವರ ಧ್ವನಿ ನಿಮ್ಮ ಕಿವಿಗೆ ಬಿದ್ದಿರಬಹುದು. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಬದಿಗೆ ತೆರೆಯುತ್ತದೆ ಎಂದು ವರ್ಷಗಟ್ಟಲೆ ಕನ್ನಡದಲ್ಲಿ ತಿಳಿಸಿದವರು ಅವರು. ಹೆಸರು ಗೊತ್ತಿಲ್ಲದವರಿಗೂ ಧ್ವನಿ ಗೊತ್ತು. ಮನೆಯಲ್ಲಿ ಕೇಳಿ ನೋಡಿ. ಹಿರಿಯರು ಅವರನ್ನು ದೂರದರ್ಶನದ ನಿರೂಪಕಿ ಎಂದು ಗುರುತಿಸುತ್ತಾರೆ. ಸಂಜೆಯ ಧಾರಾವಾಹಿ ತಪ್ಪಿಸದವರು 'ಮೂಡಲ ಮನೆ', 'ಮುಕ್ತ'ದ ಹೆಸರು ಹೇಳುತ್ತಾರೆ. ಸ್ವಲ್ಪ ಕಿರಿಯರು 'ಮಜಾ ಟಾಕೀಸ್'ನ ವರಲಕ್ಷ್ಮಿ ಎನ್ನುತ್ತಾರೆ. 2024ರ ಜುಲೈ 11ರಂದು, 57ನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು.

ಶಾಲೆಯ ಪುಟದಲ್ಲಿ ಕಿರುತೆರೆಯ ಕಲಾವಿದೆಯ ವಿಷಯ ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಜೂನ್ ತಿಂಗಳಲ್ಲಿ ಮಗುವನ್ನು ಒಂದನೆಯ ತರಗತಿಗೆ ಸೇರಿಸಲು ಬರುವ ರಕ್ಷಕರು ನಮ್ಮ ಗಡಿನಾಡಿನ ಎಲ್ಲ ಶಾಲೆಗಳಲ್ಲೂ ಕೇಳುವ ಪ್ರಶ್ನೆ ಒಂದೇ: ಕನ್ನಡ ಮಾಧ್ಯಮಕ್ಕೆ ಸೇರಿಸಿದರೆ ಮುಂದೆ ಏನುಂಟು ಮಾಷ್ಟ್ರೇ? ನಾವು ಕೊಡುವ ಉತ್ತರಗಳೂ ಹಳೆಯವು. ಕನ್ನಡ ಬಲ್ಲವರಿಗೆ ಪಿ.ಎಸ್.ಸಿ.ಯಲ್ಲಿ ಕೆಲವು ಹುದ್ದೆಗಳಿವೆ, ಕರ್ನಾಟಕದ ಕಾಲೇಜುಗಳಲ್ಲಿ ಗಡಿನಾಡ ಕನ್ನಡಿಗರಿಗೆ ಮೀಸಲು ಇದೆ, ಅಧ್ಯಾಪಕರಾಗಬಹುದು. ಇವೆಲ್ಲ ನಿಜ. ಆದರೆ ಶಾಲಾ ವಾರ್ಷಿಕೋತ್ಸವದ ನಾಟಕ ಮುಗಿದ ಮೇಲೆ ಬಣ್ಣ ತೊಳೆಯುತ್ತಾ ಹುಡುಗಿಯೊಬ್ಬಳು 'ನನಗೆ ಸೀರಿಯಲ್ಲಿಗೆ ಹೋಗಬೇಕು' ಎಂದರೆ ನಾವು ನಕ್ಕು ಸುಮ್ಮನಾಗುತ್ತೇವೆ. ನಗದೆ ಒಮ್ಮೆ ಯೋಚಿಸಿ ನೋಡೋಣ. ಆ ಕೆಲಸ ಎಂಥದು? ಅದರಲ್ಲಿ ಒಬ್ಬರು ನಾಲ್ಕು ದಶಕ ನಿಲ್ಲುವುದು ಯಾವುದರ ಬಲದಿಂದ? ಅಪರ್ಣಾ ಅವರ ವೃತ್ತಿಜೀವನವನ್ನು ಸಾಲಾಗಿ ಇಟ್ಟು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಆ ಉತ್ತರ ನಮ್ಮ ತರಗತಿಗೂ ಸಂಬಂಧಪಟ್ಟದ್ದು.

ದೊಡ್ಡ ಬಾಗಿಲಿನಿಂದ ಪ್ರವೇಶ

ಅಪರ್ಣಾ ಮೊದಲು ಬಂದದ್ದು ಸಿನೆಮಾಕ್ಕೆ, ಅದೂ ಪುಟ್ಟಣ್ಣ ಕಣಗಾಲರ ಮೂಲಕ. ಕಲ್ಪನಾ, ಆರತಿಯಂತಹ ನಟಿಯರ ಹೆಸರು ಪುಟ್ಟಣ್ಣನವರ ಚಿತ್ರಗಳಿಂದ ಮನೆಮಾತಾಗಿದ್ದ ಕಾಲ ಅದು. ಅವರ ಚಿತ್ರದಲ್ಲಿ ಅವಕಾಶ ಸಿಕ್ಕಿತೆಂದರೆ ಭವಿಷ್ಯ ತೆರೆಯಿತು ಎಂದೇ ಲೆಕ್ಕ. ಅಪರ್ಣಾಗೆ ಸಿಕ್ಕಿದ್ದು 'ಮಸಣದ ಹೂವು'. ತ.ರಾ.ಸು. ಅವರ ಕಾದಂಬರಿ ಆಧರಿಸಿದ ಚಿತ್ರ, ಅಂಬರೀಷ್ ಮತ್ತು ಜಯಂತಿ ಇದ್ದರು. ಆದರೆ ಅದು ಪುಟ್ಟಣ್ಣನವರ ಕೊನೆಯ ಚಿತ್ರವಾಯಿತು. 1985ರ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು. ಉಳಿದ ಕೆಲಸವನ್ನು ಮುಗಿಸಿದವರು ಕೆ.ಎಸ್.ಎಲ್. ಸ್ವಾಮಿ.

ಇಪ್ಪತ್ತು ತುಂಬದ ಹುಡುಗಿಗೆ ಇಂಥ ಪ್ರವೇಶ ಸಿಕ್ಕಿದ ಮೇಲೆ ಆಕೆ ತಾರೆಯಾಗಬೇಕಿತ್ತು ಎಂದು ಕಥೆ ಕಟ್ಟುವುದು ಸುಲಭ. ಹಾಗಾಗಲಿಲ್ಲ. ಸಿನೆಮಾದಲ್ಲಿ ಅಪರ್ಣಾ ನಾಯಕಿಯರ ಮೊದಲ ಸಾಲಿಗೆ ಏರಲಿಲ್ಲ. ನಟನೆಯನ್ನು ನಂಬಿದ ಎಷ್ಟೋ ಮಂದಿಯ ದಾರಿ ಇಂಥ ಕಡೆಯಲ್ಲೇ ಮುಗಿಯುತ್ತದೆ. ಒಂದು ಒಳ್ಳೆಯ ಚಿತ್ರ, ಕೆಲವು ಫೋಟೋ, ಆಮೇಲೆ ಯಾರೂ ಕರೆಯದ ವರ್ಷಗಳು. ಅಪರ್ಣಾ ಅವರ ದಾರಿ ಮುಗಿಯದಿರಲು ಕಾರಣ ಮುಖವಲ್ಲ, ಮಾತು.

ಆಕಾಶವಾಣಿ ಮತ್ತು ದೂರದರ್ಶನ ಅವರನ್ನು ಕರೆದುಕೊಂಡವು. 1993ರ ಹೊತ್ತಿಗೆ ಅವರು ಬೆಂಗಳೂರು ಆಕಾಶವಾಣಿಯ ನಿರೂಪಕಿ. ದೂರದರ್ಶನದ ಕನ್ನಡ ವಾಹಿನಿಯಲ್ಲಿ, ಅಂದರೆ ನಮ್ಮ ಆಂಟೆನಾಗಳು ತಿರುಗಿ ತಿರುಗಿ ಹುಡುಕುತ್ತಿದ್ದ ಆ ವಾಹಿನಿಯಲ್ಲಿ, ಕಾರ್ಯಕ್ರಮಗಳ ನಡುವೆ ಬಂದು ಮಾತಾಡುವ ಪರಿಚಿತ ಮುಖವಾದರು. 1998ರ ದೀಪಾವಳಿಗೆ ಎಂಟು ಗಂಟೆ ಕಾಲ ಎಡೆಬಿಡದೆ ನಿರೂಪಣೆ ಮಾಡಿದ್ದು ಅವರ ಹೆಸರಿನಲ್ಲಿರುವ ದಾಖಲೆ. ಎಂಟು ಗಂಟೆ ಎಂದರೆ ನಮ್ಮ ಶಾಲೆಯ ಬೆಳಗಿನ ಅಸೆಂಬ್ಲಿಯಿಂದ ಸಂಜೆಯ ಲಾಂಗ್ ಬೆಲ್ಲಿಗಿಂತಲೂ ಹೆಚ್ಚು. ಅಷ್ಟು ಹೊತ್ತು ನಾಲಿಗೆ ಎಡವದೆ, ಒಂದೇ ಪದವನ್ನು ಹತ್ತು ಸಲ ಹೇಳಿ ಬೇಸರ ಹುಟ್ಟಿಸದೆ, ಮಾತಿನ ನಡುವೆ ಇಂಗ್ಲಿಷಿನ ಊರುಗೋಲು ಹಿಡಿಯದೆ ನಡೆಸಿಕೊಂಡು ಹೋಗುವುದು ಎಷ್ಟು ಕಷ್ಟ ಎಂಬುದು ಸಭೆಯಲ್ಲಿ ಹತ್ತು ನಿಮಿಷ ಸ್ವಾಗತ ಭಾಷಣ ಮಾಡಿದ ಯಾವ ಅಧ್ಯಾಪಕರಿಗೂ ಗೊತ್ತು.

ಧಾರಾವಾಹಿಯ ಕೆಲಸ ಹೇಗಿರುತ್ತದೆ

ಕನ್ನಡ ಧಾರಾವಾಹಿಯ ಬೆಳವಣಿಗೆಯನ್ನು ಇಲ್ಲಿ ಸ್ವಲ್ಪ ನೆನಪಿಸಿಕೊಳ್ಳಬೇಕು. ಮೊದಲಿಗೆ ಇದ್ದದ್ದು ವಾರಕ್ಕೊಮ್ಮೆ ಬರುವ, ಹದಿಮೂರು ಕಂತಿನ ಧಾರಾವಾಹಿಗಳು. 1994ರಲ್ಲಿ ಉದಯ ಟಿ.ವಿ. ಬಂತು. 1998ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರ 'ಮಾಯಾಮೃಗ' ಬಂದಾಗ ದಿನವೂ ಒಂದೇ ಕಥೆಯನ್ನು ಕಾಯುವ ಅಭ್ಯಾಸ ಮನೆಮನೆಗೆ ಹತ್ತಿತು. 2000ದ ಕೊನೆಯಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, ಮರುವರ್ಷ ಸುವರ್ಣ. ಒಂದೊಂದು ವಾಹಿನಿಗೂ ಸಂಜೆಯಿಂದ ರಾತ್ರಿಯವರೆಗೆ ಅರ್ಧ ಗಂಟೆಗೊಂದು ಧಾರಾವಾಹಿ ಬೇಕಾಯಿತು. ಬೇರೆ ಭಾಷೆಯದನ್ನು ಕನ್ನಡಕ್ಕೆ ಡಬ್ ಮಾಡುವ ವಾಡಿಕೆ ಕನ್ನಡ ಕಿರುತೆರೆಯಲ್ಲಿ ಬಹುಕಾಲ ಇರಲಿಲ್ಲ. ಪರಭಾಷೆಯ ಕಥೆಯಾದರೂ ಅದನ್ನು ಕನ್ನಡದ ನಟರೇ ಕನ್ನಡದಲ್ಲಿ ಆಡಬೇಕಿತ್ತು. 2020ರ ಲಾಕ್‌ಡೌನ್ ಸಮಯದಲ್ಲಿ 'ಮಹಾಭಾರತ'ದಂತಹ ಡಬ್ ಆದ ಧಾರಾವಾಹಿಗಳು ಬಂದ ಮೇಲೆಯೇ ಈ ಸ್ಥಿತಿ ಬದಲಾದದ್ದು. ಹಾಗಾಗಿ ಸುಮಾರು ಇಪ್ಪತ್ತು ವರ್ಷ ಕನ್ನಡ ಮಾತಾಡಬಲ್ಲ ನೂರಾರು ಜನರಿಗೆ ಅಲ್ಲಿ ಕೆಲಸವಿತ್ತು, ಈಗಲೂ ಇದೆ.

ಕೆಲಸದ ಸ್ವರೂಪ ಮಾತ್ರ ನಾವು ಮನೆಯಲ್ಲಿ ಕುಳಿತು ಊಹಿಸುವಂಥದ್ದಲ್ಲ. ವಾರಕ್ಕೆ ಐದಾರು ಕಂತು ಪ್ರಸಾರ ಆಗಬೇಕಾದರೆ ದಿನಕ್ಕೆ ಹಲವು ದೃಶ್ಯಗಳ ಚಿತ್ರೀಕರಣ ಮುಗಿಯಬೇಕು. ಸಂಭಾಷಣೆಯ ಹಾಳೆ ಎಷ್ಟೋ ಸಲ ಅದೇ ದಿನ ಬೆಳಿಗ್ಗೆ ಕೈಗೆ ಬರುತ್ತದೆ. ಕಥೆಯ ಅನುಕ್ರಮದಲ್ಲಿ ಚಿತ್ರೀಕರಣ ನಡೆಯುವುದಿಲ್ಲ. ಅಡುಗೆಮನೆಯ ದೃಶ್ಯಗಳನ್ನೆಲ್ಲ ಒಟ್ಟಿಗೆ, ಜಗಲಿಯ ದೃಶ್ಯಗಳನ್ನೆಲ್ಲ ಒಟ್ಟಿಗೆ ತೆಗೆಯುತ್ತಾರೆ. ಬೆಳಿಗ್ಗೆ ಅತ್ತವರು ಹತ್ತು ಗಂಟೆಗೆ ನಗಬೇಕು, ಮಧ್ಯಾಹ್ನ ಪುನಃ ಅಳಬೇಕು. ಸಂಬಳ ಹೆಚ್ಚಿನವರಿಗೆ ದಿನದ ಲೆಕ್ಕ. ಪಾತ್ರ ಆ ವಾರದ ಕಥೆಯಲ್ಲಿ ಇಲ್ಲದಿದ್ದರೆ ಸಂಪಾದನೆಯೂ ಇಲ್ಲ. ವಾರವಾರ ಬರುವ ಟಿ.ಆರ್.ಪಿ. ಅಂಕಿ ಇಳಿದರೆ ಕಥೆ ತಿರುಗುತ್ತದೆ, ಪಾತ್ರ ಸಾಯುತ್ತದೆ, ಕೆಲವೊಮ್ಮೆ ಧಾರಾವಾಹಿಯೇ ನಿಲ್ಲುತ್ತದೆ. ನಿನ್ನೆಯವರೆಗೆ ಬಸ್ಸಿನಲ್ಲಿ ಜನ ಗುರುತಿಸುತ್ತಿದ್ದ ನಟಿಗೆ ನಾಳೆಯಿಂದ ಕೆಲಸ ಇಲ್ಲ.

ಇಲ್ಲಿ ಉಪಯೋಗಕ್ಕೆ ಬರುವ ಶಕ್ತಿ ಯಾವುದು? ಹಾಳೆಯಲ್ಲಿ ಬರೆದ ಕನ್ನಡವನ್ನು ಒಂದು ಸಲ ಓದಿ, ಅದರ ಅರ್ಥ ಹಿಡಿದು, ಬಾಯಿಗೆ ತಂದು, ಎದುರಿಗಿರುವವರಿಗೆ ಹೇಳುವಂತೆ ಹೇಳುವ ಶಕ್ತಿ. ಓದಲು ತಡವರಿಸುವವರಿಗೆ ಕ್ಯಾಮೆರಾದ ಹಿಂದಿನಿಂದ ಸಾಲು ಹೇಳಿಕೊಡುತ್ತಾರೆ. ಅದಕ್ಕೆ ಪ್ರಾಂಪ್ಟಿಂಗ್ ಎಂದು ಹೆಸರು. ಅದನ್ನು ನಂಬಿ ಬದುಕುವ ನಟರಿದ್ದಾರೆ. ಆದರೆ ಕಿವಿಗೆ ಬಿದ್ದ ಸಾಲನ್ನು ತಿರುಗಿ ಹೇಳುವವರ ಕಣ್ಣಿನಲ್ಲಿ ಅರ್ಥ ಒಂದು ಕ್ಷಣ ತಡವಾಗಿ ಬರುತ್ತದೆ. ಪಾಠ ಅರ್ಥವಾಗದೆ ಉರು ಹೊಡೆದ ಮಗುವಿನ ಮುಖ ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ.

ಅಪರ್ಣಾ ಧಾರಾವಾಹಿಗೆ ಬಂದಾಗ ಈ ಶಕ್ತಿಯನ್ನು ಗಂಟು ಕಟ್ಟಿಕೊಂಡೇ ಬಂದಿದ್ದರು. 'ಮೂಡಲ ಮನೆ'ಯನ್ನು ಈಟಿವಿಗಾಗಿ ನಿರ್ದೇಶಿಸಿದವರು ವೈಶಾಲಿ ಕಾಸರವಳ್ಳಿ. ರಂಗಭೂಮಿಯಿಂದ ಬಂದವರು, 'ತಾಯಿ ಸಾಹೇಬ' ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದವರು. 'ಮುಕ್ತ' ಟಿ.ಎನ್. ಸೀತಾರಾಮ್ ಅವರದು. ಸೀತಾರಾಮ್ ವಕೀಲಿ ಓದಿದವರು. ಅವರ ಧಾರಾವಾಹಿಗಳಲ್ಲಿ ನ್ಯಾಯಾಲಯದ ದೃಶ್ಯಗಳು ಹೆಚ್ಚು, ವಾದ ಪ್ರತಿವಾದಗಳು ಉದ್ದ. ಸಿ.ಎಸ್.ಪಿ. ಎಂಬ ವಕೀಲನ ಪಾತ್ರವನ್ನು ಅವರೇ ಮಾಡಿ ಜನಪ್ರಿಯರಾದರು. ಇಂಥ ನಿರ್ದೇಶಕರು ಕಲಾವಿದರನ್ನು ಆರಿಸುವಾಗ ಮುಖದ ಜೊತೆಗೆ ನಾಲಿಗೆಯನ್ನೂ ನೋಡುತ್ತಾರೆ. ಕರ್ನಾಟಕದಲ್ಲಿ ರಂಗಭೂಮಿ, ಆಕಾಶವಾಣಿ, ಅಧ್ಯಾಪನ ಇವುಗಳಿಂದ ಬಂದ ಎಷ್ಟೋ ಮಂದಿ ಕಿರುತೆರೆಯಲ್ಲಿ ನೆಲೆಯಾದದ್ದು ಇದೇ ಕಾರಣಕ್ಕೆ.

ಧಾರಾವಾಹಿ ಮುಗಿದ ಮೇಲೆ

ಈಗ ಮುಂದಿನ ಭಾಗ ಗಮನಿಸಿ. 'ಮೂಡಲ ಮನೆ' ಮುಗಿಯಿತು, 'ಮುಕ್ತ'ವೂ ಮುಗಿಯಿತು. ವಯಸ್ಸು ನಲವತ್ತು ದಾಟಿದ ಕಲಾವಿದೆಗೆ ಸಾಮಾನ್ಯವಾಗಿ ಉಳಿಯುವುದು ಅತ್ತೆಯ ಪಾತ್ರ, ಅದೂ ಸಿಕ್ಕಿದರೆ. ಅಪರ್ಣಾ 2013ರಲ್ಲಿ ಕನ್ನಡ 'ಬಿಗ್ ಬಾಸ್'ನ ಮೊದಲ ಆವೃತ್ತಿಯಲ್ಲಿ ಸ್ಪರ್ಧಿಯಾಗಿ ಕಾಣಿಸಿಕೊಂಡರು. 2015ರಿಂದ ಸೃಜನ್ ಲೋಕೇಶ್ ಅವರ 'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿಯಾದರು. ಎರಡು ದಶಕ ಗಂಭೀರ ನಿರೂಪಕಿ ಎಂದು ಗೌರವ ಪಡೆದ ಹೆಂಗಸು, ಜನರನ್ನು ನಗಿಸಲು ತನ್ನನ್ನೇ ನಗೆಪಾಟಲಾಗಿಸಿಕೊಂಡರು. ಹಾಸ್ಯಕ್ಕೆ ಮಾತಿನ ಹಿಡಿತ ಗಂಭೀರ ಪಾತ್ರಕ್ಕಿಂತ ಹೆಚ್ಚು ಬೇಕು. ಒಂದು ಅಕ್ಷರದ ಒತ್ತು ಹೆಚ್ಚುಕಡಿಮೆಯಾದರೂ ನಗು ಸತ್ತುಹೋಗುತ್ತದೆ. ಹೊಸ ತಲೆಮಾರಿನ ಮಕ್ಕಳಿಗೆ ಅವರು ಪರಿಚಯವಾದದ್ದು ಹೀಗೆ.

ಇದರ ಜೊತೆಯಲ್ಲೇ ಸರಕಾರಿ ಸಮಾರಂಭಗಳ ನಿರೂಪಣೆ ನಡೆದಿತ್ತು. ಮೆಟ್ರೋ ರೈಲಿನ ಧ್ವನಿಯೂ ಅವರದಾಯಿತು. ಬೆಂಗಳೂರಿನ ಮೆಟ್ರೋ ಓಡಲು ಶುರುವಾದದ್ದು 2011ರ ಅಕ್ಟೋಬರಿನಲ್ಲಿ. ದಿನವೂ ಲಕ್ಷಗಟ್ಟಲೆ ಜನ ಓಡಾಡುವ ಆ ರೈಲಿನಲ್ಲಿ ಕನ್ನಡ ಬಾರದವರೂ ಪ್ರತಿದಿನ ಕೇಳುವ ಕನ್ನಡವೆಂದರೆ ಅದು. ನಿಲ್ದಾಣದ ಹೆಸರನ್ನು ಸ್ಪಷ್ಟವಾಗಿ, ಅವಸರವಿಲ್ಲದೆ, ಆದರೆ ಬಾಗಿಲು ತೆರೆಯುವ ಮೊದಲು ಮುಗಿಯುವಂತೆ ಹೇಳಬೇಕು. ಅವರು ತೀರಿಕೊಂಡ ಸುದ್ದಿ ಬಂದ ದಿನ ಪ್ರಯಾಣಿಕರು ಹೆಚ್ಚಾಗಿ ನೆನೆದದ್ದು ಈ ಧ್ವನಿಯನ್ನೇ.

ಸಿನೆಮಾ, ಆಕಾಶವಾಣಿ, ದೂರದರ್ಶನ, ಧಾರಾವಾಹಿ, ಹಾಸ್ಯ, ವೇದಿಕೆ, ಮೆಟ್ರೋ. ಈ ಸಾಲಿನಲ್ಲಿ ಪ್ರತಿಯೊಂದೂ ಒಂದು ಹಂತದಲ್ಲಿ ಮುಗಿಯುವ ಕೆಲಸ. ಒಂದು ಮುಗಿದಾಗ ಇನ್ನೊಂದರ ಕಡೆಗೆ ಅವರನ್ನು ದಾಟಿಸಿದ ಸಂಕ ಒಂದೇ, ಕನ್ನಡವನ್ನು ಗಟ್ಟಿಯಾಗಿ, ಸ್ಪಷ್ಟವಾಗಿ, ಅರ್ಥ ತಿಳಿದು ಆಡುವ ಸಾಮರ್ಥ್ಯ. ಸೌಂದರ್ಯಕ್ಕೆ ವಯಸ್ಸಾಗುತ್ತದೆ, ಜನಪ್ರಿಯತೆಗೂ ಆಯುಷ್ಯ ಕಡಿಮೆ. ಈ ಸಾಮರ್ಥ್ಯ ಮಾತ್ರ ವಯಸ್ಸಿನ ಜೊತೆ ಹೆಚ್ಚುತ್ತಾ ಹೋಯಿತು.

ನಮ್ಮ ಮಕ್ಕಳ ನಾಲಿಗೆ

ಅದೆಲ್ಲ ಕರ್ನಾಟಕದವರಿಗೆ ಸರಿ, ನಮ್ಮ ಮಕ್ಕಳ ಮನೆಮಾತು ಕನ್ನಡವೇ ಅಲ್ಲವಲ್ಲ ಎಂದು ನೀವು ಹೇಳಬಹುದು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಒಂದು ತರಗತಿಯನ್ನು ನೋಡಿ. ಒಬ್ಬ ತುಳು ಮಾತಾಡುತ್ತಾನೆ, ಒಬ್ಬಳು ಕೊಂಕಣಿ, ಒಬ್ಬಳು ಹವ್ಯಕ ಕನ್ನಡ, ಒಬ್ಬ ಮರಾಠಿ, ಮತ್ತೊಬ್ಬ ಮಲಯಾಳ. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯ ಮಾತೂ ಅಲ್ಲ. ಇದು ಕೊರತೆಯೆಂದು ನಾವೇ ಒಪ್ಪಿಕೊಂಡಿದ್ದೇವೆ. ಹಾಗೆ ಒಪ್ಪಬೇಕಾಗಿಲ್ಲ.

ಅನಂತನಾಗ್ ಅವರನ್ನು ನೆನೆಯಿರಿ. ಮನೆಮಾತು ಕೊಂಕಣಿ. ಬಾಲ್ಯದ ಒಂದು ಭಾಗವನ್ನು ನಮ್ಮ ಜಿಲ್ಲೆಯ ಕಾಞಂಗಾಡಿನ ಆನಂದಾಶ್ರಮದಲ್ಲಿ ಕಳೆದವರು. ಸಹೋದರ ಶಂಕರನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'ನಲ್ಲಿ ಮಿಠಾಯಿ ವ್ಯಾಪಾರಿ ಜಗನ್ ಆಗಿ ಅವರನ್ನು ಇಡೀ ದೇಶ ನೋಡಿತು. ಮುಂದೆ ಕನ್ನಡ ಧಾರಾವಾಹಿಯಲ್ಲೂ ನಟಿಸಿದರು. 2018ರಲ್ಲಿ ರಿಷಬ್ ಶೆಟ್ಟಿ ನಮ್ಮ ಕಾಸರಗೋಡಿನ ಕನ್ನಡ ಶಾಲೆಯ ಕಥೆಯನ್ನೇ ತೆಗೆದುಕೊಂಡು 'ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಚಿತ್ರ ಮಾಡಿದಾಗ, ಶಾಲೆ ಉಳಿಯಬೇಕೆಂದು ನ್ಯಾಯಾಲಯದಲ್ಲಿ ನಿಂತು ಮಾತಾಡುವ ಪಾತ್ರ ಅವರದೇ. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರ ಪ್ರಶಸ್ತಿ ಬಂತು. ಮನೆಯಲ್ಲಿ ಬೇರೆ ಮಾತಿದ್ದವರು ಕನ್ನಡವನ್ನು ಇಷ್ಟು ಚೆನ್ನಾಗಿ ಆಡಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಲಿತು ಆಡುವ ಭಾಷೆಯಲ್ಲಿ ತೊಡಕುಗಳಿವೆ, ನಿಜ. ಆದರೆ ಅವು ಎಲ್ಲಿವೆ ಎಂದು ಅಧ್ಯಾಪಕರಿಗೆ ಗೊತ್ತಿದ್ದರೆ ಬಿಡಿಸುವುದು ಕಷ್ಟವಲ್ಲ. ತುಳು ಮನೆಯ ಮಗುವಿನ ಬಾಯಲ್ಲಿ ಮಹಾಪ್ರಾಣ ಬೇಗ ಬರುವುದಿಲ್ಲ. 'ಧನ' ಹೇಳಿದರೆ 'ದನ' ಕೇಳುತ್ತದೆ. ಮಲಯಾಳ ಮನೆಯ ಮಗುವಿಗೆ ಮಹಾಪ್ರಾಣ ಬರವಣಿಗೆಯಲ್ಲಿ ಗೊತ್ತು, ಆದರೆ ಪದದ ಮೊದಲ 'ಅ'ಕಾರ 'ಎ'ಕಾರವಾಗುತ್ತದೆ. 'ಜನ' ಎನ್ನಲು 'ಜೆನ', 'ಬಲ' ಎನ್ನಲು 'ಬೆಲ' ಎನ್ನುತ್ತದೆ. ನಾನು ಕನ್ನಡದ ಜೊತೆಗೆ ತಮಿಳಿನಲ್ಲೂ ಕಲಿತವನು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪದದಲ್ಲಿ ಅದು ಎಲ್ಲಿ ಕುಳಿತಿದೆ ಎಂದು ನೋಡಿ ಬಾಯಿಯೇ ತೀರ್ಮಾನಿಸಬೇಕು. ಅಲ್ಲಿಂದ ಬಂದವನಿಗೆ ಕನ್ನಡದ ಅಕ್ಷರಮಾಲೆ ಉಚ್ಚಾರವನ್ನು ಎಷ್ಟು ನಿಖರವಾಗಿ ಬರೆದಿಟ್ಟಿದೆ ಎಂಬುದು ಎದ್ದು ಕಾಣುತ್ತದೆ. ಬರೆದದ್ದನ್ನು ಬರೆದ ಹಾಗೆ ಓದಿದರೆ ಅರ್ಧ ಕೆಲಸ ಮುಗಿಯಿತು.

ತಮಿಳಿನಲ್ಲಿ ಇನ್ನೊಂದು ಪಾಠವೂ ಇದೆ. ಅಲ್ಲಿ ವಾರ್ತೆ ಓದುವ ಭಾಷೆಯೇ ಬೇರೆ, ಮನೆಯ ಮಾತೇ ಬೇರೆ. ಚೆನ್ನೈಯ ಮಗುವೂ ಬರವಣಿಗೆಯ ತಮಿಳನ್ನು ಶಾಲೆಯಲ್ಲೇ ಕಲಿಯಬೇಕು. ಅದನ್ನು ಯಾರೂ ಅಲ್ಲಿ ಕೊರತೆ ಎನ್ನುವುದಿಲ್ಲ. ನಮ್ಮ ತುಳು ಮಗು ಶಾಲೆಯಲ್ಲಿ ಕನ್ನಡ ಕಲಿಯುವುದನ್ನು ಮಾತ್ರ ನಾವು ಯಾಕೆ ಸಂಕೋಚದಿಂದ ಹೇಳಬೇಕು?

ಕನ್ನಡವನ್ನು ಆಡಿ ಹೆಸರು ಮಾಡಿದವರು ನಮ್ಮ ಮಣ್ಣಿನಲ್ಲೇ ಇದ್ದಾರೆ. ಯಕ್ಷಗಾನದ ಪಾರ್ತಿಸುಬ್ಬ ಕುಂಬಳೆಯವನು. ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಎದುರು ಕುಳಿತವರನ್ನು ಮಾತಿನಲ್ಲೇ ಕಟ್ಟಿಹಾಕುತ್ತಿದ್ದರು. ಅರ್ಥಧಾರಿಗೆ ಬರೆದ ಸಂಭಾಷಣೆ ಇಲ್ಲ, ವೇಷ ಇಲ್ಲ, ಕ್ಯಾಮೆರಾ ಇಲ್ಲ. ಭಾಗವತರು ಪದ ಹಾಡಿ ನಿಲ್ಲಿಸಿದ ಕೂಡಲೇ ಮಾತು ಹುಟ್ಟಬೇಕು. ಅದನ್ನು ಕೇಳಲು ನಮ್ಮ ಹಳ್ಳಿಗಳಲ್ಲಿ ರಾತ್ರಿಯಿಡೀ ಕುಳಿತ ಜನರಲ್ಲಿ ಎಷ್ಟೋ ಮಂದಿಯ ಮನೆಮಾತು ತುಳು. ಇಂಥ ಊರಿನ ಮಕ್ಕಳಿಗೆ ಕನ್ನಡದ ಮಾತು ಒಲಿಯದು ಎನ್ನುವುದು ಹೇಗೆ?

ತರಗತಿಯಲ್ಲಿ ನಿಂತುಹೋದ ಧ್ವನಿ

ತೊಂದರೆ ಇರುವುದು ಮಕ್ಕಳಲ್ಲಿ ಅಲ್ಲ. ಹಿಂದೆ ಪ್ರತಿಯೊಂದು ಕನ್ನಡ ಪಿರಿಯಡ್ ಗಟ್ಟಿ ಓದಿನಿಂದ ಶುರುವಾಗುತ್ತಿತ್ತು. ಅಧ್ಯಾಪಕರು ಒಂದು ಸಲ ಓದುವುದು, ಬೆಂಚಿನ ಸಾಲಿನಂತೆ ಮಕ್ಕಳು ಒಬ್ಬೊಬ್ಬರಾಗಿ ಓದುವುದು, ತಪ್ಪಿದ ಕಡೆ ನಿಲ್ಲಿಸಿ ತಿದ್ದುವುದು. ಈಗ ವರ್ಕ್‌ಶೀಟ್ ತುಂಬಿಸುವುದು ಹೆಚ್ಚಾಯಿತು, ಬಾಯಿಗೆ ಕೆಲಸ ಕಡಿಮೆಯಾಯಿತು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಎ ಪ್ಲಸ್ ಪಡೆದ ಮಗು ಒಂದು ಪುಟ ಪತ್ರಿಕೆಯನ್ನು ಗಟ್ಟಿಯಾಗಿ ಓದಲು ತಡವರಿಸುವುದನ್ನು ನೀವೂ ನೋಡಿರಬಹುದು. ಅಂಕಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ, ಧಾರಾವಾಹಿಯ ಆಡಿಷನ್‌ನಲ್ಲಿ, ಅಷ್ಟೇಕೆ, ಅಧ್ಯಾಪಕ ಹುದ್ದೆಯ ಸಂದರ್ಶನದಲ್ಲಿ ಮೊದಲ ನಿಮಿಷದಲ್ಲೇ ಕಾಣುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸುವ ಪ್ರಕರಣಗಳು ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ನಡೆದಿವೆ. ರಕ್ಷಕರು ಶಾಲೆಯ ಗೇಟಿನ ಎದುರು ಕುಳಿತದ್ದು, ವಿಷಯ ನ್ಯಾಯಾಲಯದವರೆಗೆ ಹೋದದ್ದು ನಿಮಗೆ ಗೊತ್ತು. ಆ ಅಧ್ಯಾಪಕರ ಮೇಲೆ ಕೋಪಿಸಿ ಪ್ರಯೋಜನವಿಲ್ಲ, ಅವರೂ ಕೆಲಸ ಹುಡುಕಿ ಬಂದವರು. ಗಣಿತದ ಸೂತ್ರ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಹೇಗೋ ನಕಲು ಮಾಡಿಕೊಳ್ಳುತ್ತಾರೆ ಎಂದು ಅಧಿಕಾರಿಗಳು ಸಮಾಧಾನ ಹೇಳಬಹುದು. ಆದರೆ ಮಗು ಭಾಷೆ ಕಲಿಯುವುದು ಕನ್ನಡ ಪಿರಿಯಡಿನಲ್ಲಿ ಮಾತ್ರವಲ್ಲ. ಗಣಿತದ ಮಾಷ್ಟ್ರು ಲೆಕ್ಕ ವಿವರಿಸುವಾಗ, ವಿಜ್ಞಾನದ ಟೀಚರ್ ಪ್ರಶ್ನೆ ಕೇಳುವಾಗ, ಸಮಾಜದವರು ಗದರಿಸುವಾಗ ಕೂಡ ಭಾಷೆ ಅದರ ಕಿವಿಗೆ ಬೀಳುತ್ತಿರುತ್ತದೆ. ದಿನಕ್ಕೆ ಐದಾರು ಗಂಟೆ ಕೇಳುವ ಕನ್ನಡವೇ ಮನೆಯಲ್ಲಿ ಕನ್ನಡವಿಲ್ಲದ ಮಗುವಿನ ಬಂಡವಾಳ. ಅಂಥ ಮಗುವಿನ ತರಗತಿಯಲ್ಲಿ ಅಧ್ಯಾಪಕರ ಬಾಯಿಂದ ಕನ್ನಡ ಹೊರಡದಿದ್ದರೆ ಆ ಬಂಡವಾಳವೇ ಹೋಯಿತು. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದ ವರ್ಷವೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಅವರ ಭಾಷೆಯಲ್ಲಿ ಶಿಕ್ಷಣ ಸಿಗಬೇಕು ಎನ್ನುತ್ತದೆ ಅದು. ಪುಸ್ತಕ ಕನ್ನಡದಲ್ಲಿ ಅಚ್ಚಾದರೆ ಆ ಮಾತು ಪೂರ್ತಿ ಆಗುವುದಿಲ್ಲ. ಪಾಠ ಹೇಳುವ ಧ್ವನಿಯೂ ಕನ್ನಡದ್ದಾಗಬೇಕು.

ಸೀರಿಯಲ್ಲಿನ ಆಸೆಯ ಹುಡುಗಿಗೆ

ಹಾಗಾದರೆ ಸೀರಿಯಲ್ಲಿಗೆ ಹೋಗಬೇಕೆಂದ ಆ ಹುಡುಗಿಗೆ ಏನು ಹೇಳೋಣ? ಮೊದಲು ನಿಜ ಹೇಳಬೇಕು. ಆಡಿಷನ್ ಕೊಟ್ಟವರಲ್ಲಿ ಕೆಲವರಿಗೆ ಮಾತ್ರ ಪಾತ್ರ, ಪಾತ್ರ ಸಿಕ್ಕಿದವರಲ್ಲಿ ಕೆಲವರಿಗೆ ಮಾತ್ರ ಎರಡನೆಯ ಪಾತ್ರ. ಬೆಂಗಳೂರಿನ ಬಾಡಿಗೆ ದಿನದ ಸಂಬಳಕ್ಕಾಗಿ ಕಾಯುವುದಿಲ್ಲ. ಪಾತ್ರ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರ ಬಾಗಿಲಿಗೆ ಹೋಗಬಾರದು. ಪದವಿ ಮುಗಿಸದೆ ಹೊರಡಬಾರದು. ಇಷ್ಟು ಹೇಳಿ ಅಲ್ಲಿಗೇ ನಿಲ್ಲಿಸಬಾರದು. ನಟನೆ ಸಿಗದಿದ್ದರೂ ವ್ಯರ್ಥವಾಗದ ಒಂದು ತಯಾರಿ ಉಂಟು, ಅದನ್ನು ಇವತ್ತೇ ಶುರು ಮಾಡು ಎನ್ನಬೇಕು. ನಿರೂಪಣೆ, ವಾರ್ತೆ ಓದುವುದು, ಡಬ್ಬಿಂಗ್, ಧ್ವನಿಮುದ್ರಿತ ಪುಸ್ತಕ, ಜಾಹೀರಾತಿನ ಧ್ವನಿ, ಅಧ್ಯಾಪನ, ವಕೀಲಿ ಎಲ್ಲದಕ್ಕೂ ಆ ಒಂದೇ ತಯಾರಿ ಸಾಕಾಗುತ್ತದೆ. ಡಬ್ಬ್ ಆದ ಧಾರಾವಾಹಿಗಳು ಬಂದ ಮೇಲೆ ಮುಖ ತೋರಿಸದೆ ಮಾತಾಡುವವರಿಗೆ ಬೇಡಿಕೆ ಹೆಚ್ಚಾಗಿದೆ.

ತಯಾರಿ ದುಬಾರಿಯಲ್ಲ. ದಿನಕ್ಕೆ ಹತ್ತು ನಿಮಿಷ ಗಟ್ಟಿ ಓದು. ಪತ್ರಿಕೆಯ ಒಂದು ಸುದ್ದಿ, ಪಾಠದ ಒಂದು ಪುಟ, ಯಾವುದಾದರೂ ಸರಿ. ವಾರಕ್ಕೊಮ್ಮೆ ಜೋಡಿ ಪದಗಳು: ಹಳ್ಳಿ-ಹಲ್ಲಿ, ಅರಸು-ಹರಸು, ದನ-ಧನ, ಶಂಕರ-ಸಂಕರ. ಎರಡನ್ನೂ ಹೇಳಿ, ಕಣ್ಣು ಮುಚ್ಚಿ ಕೇಳಿದವರಿಗೆ ಯಾವುದು ಯಾವುದೆಂದು ತಿಳಿಯಬೇಕು. ಫೋನಿನಲ್ಲಿ ತನ್ನ ಓದನ್ನು ರೆಕಾರ್ಡ್ ಮಾಡಿ ತಾನೇ ಕೇಳುವುದು. ಮೊದಲ ಸಲ ಎಲ್ಲರಿಗೂ ನಾಚಿಕೆಯಾಗುತ್ತದೆ, ಮೂರನೆಯ ಸಲಕ್ಕೆ ತಪ್ಪು ಕೇಳಿಸಲು ಶುರುವಾಗುತ್ತದೆ. ಶಾಲೆಯಲ್ಲಿ ಅಸೆಂಬ್ಲಿಯ ವಾರ್ತಾವಾಚನವನ್ನು ಯಾವಾಗಲೂ ಅದೇ ಇಬ್ಬರು ಜಾಣರಿಗೆ ಕೊಡದೆ ಸರದಿಯಲ್ಲಿ ಎಲ್ಲರಿಗೂ ಕೊಡುವುದು. ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡ ಕಂಠಪಾಠ, ಕನ್ನಡ ಭಾಷಣ, ಯಕ್ಷಗಾನ ಎಲ್ಲಕ್ಕೂ ಸ್ಪರ್ಧೆ ಇದೆ. ರಾಜ್ಯದ ಇತರ ಜಿಲ್ಲೆಗಳಿಗಿಂತ ನಮಗೆ ಹತ್ತಿರವಾದ ವೇದಿಕೆ ಇದು. 2019ರಲ್ಲಿ ರಾಜ್ಯ ಕಲೋತ್ಸವ ಕಾಞಂಗಾಡಿನಲ್ಲೇ ನಡೆದಿತ್ತು. ಉಪಜಿಲ್ಲಾ ಮಟ್ಟದ ಹಿಂದಿನ ದಿನ ಮಗುವಿಗೆ ಪದ್ಯ ಕಲಿಸುವ ಬದಲು ಜೂನ್ ತಿಂಗಳಲ್ಲೇ ಶುರು ಮಾಡಿದರೆ ಬಹುಮಾನ ಬಾರದಿದ್ದರೂ ನಾಲಿಗೆ ತಿದ್ದುತ್ತದೆ.

ರಕ್ಷಕರಿಗೆ ಒಂದು ವಿನಂತಿ. ಸಂಜೆ ಧಾರಾವಾಹಿ ನೋಡಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನೀವು ಕೇಳುವುದೂ ಇಲ್ಲ. ನೋಡುವಾಗ ಮಗುವನ್ನೂ ಪಕ್ಕದಲ್ಲಿ ಕೂರಿಸಿ, ಯಾವ ನಟಿಯ ಮಾತು ಸ್ಪಷ್ಟ, ಯಾರದ್ದು ಅಸ್ಪಷ್ಟ ಎಂದು ಕೇಳಿ. ಮಕ್ಕಳು ಇದನ್ನು ನಮಗಿಂತ ಚುರುಕಾಗಿ ಕಂಡುಹಿಡಿಯುತ್ತಾರೆ. ಜಾಹೀರಾತು ಬಂದಾಗ ಟಿ.ವಿ.ಯ ಧ್ವನಿ ತಗ್ಗಿಸಿ ಈ ಪತ್ರಿಕೆಯ ಒಂದು ಪ್ಯಾರಾವನ್ನು ಅದರ ಕೈಯಿಂದ ಓದಿಸಿ. ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಕಟ್ಟಡ, ಬಸ್ಸು, ಮಧ್ಯಾಹ್ನದ ಊಟದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ನಮ್ಮ ಮಗು ಈ ವಾರ ತರಗತಿಯಲ್ಲಿ ಎಷ್ಟು ಸಲ ಗಟ್ಟಿಯಾಗಿ ಕನ್ನಡ ಓದಿದೆ? ಕನ್ನಡ ಬಲ್ಲ ಅಧ್ಯಾಪಕರು ಇಲ್ಲದ್ದರಿಂದ ಓದಿಲ್ಲ ಎಂಬ ಉತ್ತರ ಬಂದರೆ, ಅದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಶಿಕ್ಷಣ ಇಲಾಖೆಗೆ ಕಳುಹಿಸುವ ಅರ್ಜಿಗೆ ಅದರ ನಕಲನ್ನು ಸೇರಿಸಿ.